3300 ನಿಮಿಷ: ಬಾಬ್ ಪ್ರೋಬರ್ಟ್ ಎಂಬ ಐಸ್ ಹಾಕಿ ಆಟಗಾರ

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಾಕಿ ಬಗ್ಗೆ ಮಾತಾಡುತ್ತೇನೆ ಅಂದಾಗ ಕೂಟದ ಕಾರ್ಯದರ್ಶಿಗಳು, "ಕೊಡಗಿನವರ ಹಾಕಿನಾ ಸಾರ್?" ಅಂತ ಖುಷಿಯಿಂದ ಕೇಳಿದರು. ಅಲ್ಲ ಅಂದೆ. ಅವರ ಮುಖ ಸ್ವಲ್ಪ ಬಾಡಿತು. ಏನು ಮಾಡೋದು, ನಾನು ಕಂಡ ಹಾಕಿ ಬೇರೆ. ಅದು ಮಂಜುಗಡ್ಡೆಯ ಮೇಲೆ ಆಡುವುದು. ಅದರಲ್ಲೂ ಇವತ್ತು ಹೇಳಹೊರಟಿರುವುದು ಆಟಕ್ಕಿಂತ ಹೊಡೆದಾಟಕ್ಕೆ ಹೆಸರಾದ ಒಬ್ಬನ ಬಗ್ಗೆ. ಕೊಡಗಿನ ಹಾಕಿ ಬಗ್ಗೆ ಮಾತಾಡಲು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲೇ ಇದ್ದಾರೆ, ಅವರನ್ನು ಕರೆಸಿ.

ನಾನು ಅಮೆರಿಕದ ಡೆಟ್ರಾಯಿಟ್ ಹತ್ತಿರ ಹನ್ನೊಂದು ವರ್ಷ ಇದ್ದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೆಲಸ. ಹೋಗಿದ್ದು 1997ರ ಕೊನೆಗೆ. ಮೊದಲ ವಾರವೇ ಒಬ್ಬ ಸಹೋದ್ಯೋಗಿ ಊರು ತೋರಿಸಲು ಕರೆದುಕೊಂಡು ಹೋದ. ಊರ ನಡುವೆ, ನದಿಗೆ ಹೋಗುವ ದಾರಿಯಲ್ಲಿ, ಒಂದು ಕೈ ನೇತಾಡುತ್ತಿತ್ತು. ಬರೀ ಕೈ. ಮನುಷ್ಯ ಇಲ್ಲ. ಮೊಣಕೈ ಹತ್ತಿರದಿಂದ ಮುಷ್ಟಿಯವರೆಗೆ 24 ಅಡಿ ಉದ್ದದ ಕಂಚಿನ ಕೈ. ಆ ಊರಲ್ಲೇ ಬೆಳೆದ ಬಾಕ್ಸರ್ ಜೋ ಲೂಯಿಸ್ ನೆನಪಿಗೆ 1986ರಲ್ಲಿ ನಿಲ್ಲಿಸಿದ್ದು. ಊರು ಯಾವ ಥರದ್ದು ಅಂತ ನನಗೆ ಅಲ್ಲೇ ಅರ್ಧ ಗೊತ್ತಾಯಿತು.

ಆಗ ಐಸ್ ಹಾಕಿ ಆಡುತ್ತಿದ್ದ ಅಂಗಳಕ್ಕೂ ಆ ಬಾಕ್ಸರ್ ಹೆಸರೇ. ಜೋ ಲೂಯಿಸ್ ಅರೀನಾ. ಊರಿನವರು ಪ್ರೀತಿಯಿಂದ ಬರೀ "ಜೋ" ಅನ್ನುತ್ತಿದ್ದರು. ನದಿ ದಂಡೆಯಲ್ಲೇ ಇತ್ತು. ನದಿಯಾಚೆ ಕೆನಡಾದ ವಿಂಡ್ಸರ್ ಊರು. ಒಂದು ತಮಾಷೆ ಗೊತ್ತಾ? ಅಮೆರಿಕದ ಉತ್ತರಕ್ಕೆ ಕೆನಡಾ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಡೆಟ್ರಾಯಿಟ್‌ನಲ್ಲಿ ಮಾತ್ರ ಕೆನಡಾ ದಕ್ಷಿಣಕ್ಕೆ. ನದಿ ಅಲ್ಲಿ ಹಾಗೆ ತಿರುಗುತ್ತದೆ. ಎರಡು ಊರಿಗೂ ನಡುವೆ ನದಿಯ ತಳದಲ್ಲಿ 1930ರಲ್ಲಿ ತೆರೆದ ಒಂದು ಸುರಂಗ. ಸುಮಾರು ಒಂದು ಮೈಲಿ. ಈ ಸುರಂಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಆಟದ ಬಗ್ಗೆ ನಾಲ್ಕು ಮಾತು. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆ. ಸುತ್ತ ಎದೆಮಟ್ಟದ ಗೋಡೆ, ಅದರ ಮೇಲೆ ದಪ್ಪ ಗಾಜು. ಒಂದೊಂದು ತಂಡಕ್ಕೆ ಐದು ಜನ, ಜೊತೆಗೊಬ್ಬ ಗೋಲಿ. ಚೆಂಡಿಲ್ಲ. ಪಕ್ ಅಂತ ರಬ್ಬರಿನ ಬಿಲ್ಲೆ, 3 ಇಂಚು ಅಗಲ, 1 ಇಂಚು ದಪ್ಪ, ತೂಕ ಸುಮಾರು 170 ಗ್ರಾಂ. ಪುಟಿಯದಿರಲಿ ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಟ್ಟು ಕಲ್ಲು ಮಾಡುತ್ತಾರೆ. 20 ನಿಮಿಷದ ಮೂರು ಭಾಗ. ಒಬ್ಬ ಆಟಗಾರ ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡಿ, ಏದುಸಿರು ಬಿಡುತ್ತ ಬೆಂಚಿಗೆ ಬರುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಗೋಡೆ ಹಾರಿ ಒಳಗಿರುತ್ತಾನೆ. ಪಕ್ ಇರುವವನಿಗೆ ಭುಜ ಕೊಟ್ಟು ಗುದ್ದಬಹುದು, ಗೋಡೆಗೆ ಒತ್ತಬಹುದು. ಅದು ತಪ್ಪಲ್ಲ, ಆಟದ ಭಾಗ.

ತಪ್ಪು ಮಾಡಿದರೆ ಪೆನಾಲ್ಟಿ ಬಾಕ್ಸ್. ನಮ್ಮ ಮೇಷ್ಟ್ರು ಕ್ಲಾಸಿನಿಂದ ಆಚೆ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಗಾಜಿನ ಗೂಡಿನಂಥ ಜಾಗದಲ್ಲಿ ಒಂದು ಬೆಂಚು. ಸಣ್ಣ ತಪ್ಪಿಗೆ ಎರಡು ನಿಮಿಷ. ಅಷ್ಟು ಹೊತ್ತೂ ನಿಮ್ಮ ತಂಡ ಒಬ್ಬ ಕಮ್ಮಿ ಇಟ್ಟುಕೊಂಡು ಆಡಬೇಕು. ಕೈ ಕೈ ಮಿಲಾಯಿಸಿದರೆ ಐದು ನಿಮಿಷ. ಆದರೆ ಇಬ್ಬರೂ ಒಪ್ಪಿ ಹೊಡೆದಾಡಿದರೆ ಇಬ್ಬರಿಗೂ ಐದೈದು ನಿಮಿಷ, ಅವರ ಬದಲಿಗೆ ಬೇರೆ ಇಬ್ಬರು ಬರುತ್ತಾರೆ, ಆಟ ಐದಕ್ಕೆ ಐದೇ ನಡೆಯುತ್ತದೆ. ಅಂದರೆ ತಂಡಕ್ಕೆ ನಷ್ಟವೇ ಇಲ್ಲ. ಈ ಸಣ್ಣ ನಿಯಮದ ಸಂದಿಯಲ್ಲೇ ಒಂದು ಉದ್ಯೋಗ ಹುಟ್ಟಿಕೊಂಡಿತು.

ಎನ್‌ಫೋರ್ಸರ್ ಅನ್ನುತ್ತಾರೆ. ತಂಡದ ಕಾವಲುಗಾರ ಅಂದುಕೊಳ್ಳಿ. ತಂಡದಲ್ಲಿ ಒಬ್ಬ ಕಲಾವಿದ ಇರುತ್ತಾನೆ, ಮೈ ಸಣ್ಣದು, ಕೈಚಳಕ ದೊಡ್ಡದು. ಎದುರಾಳಿಗಳು ಅವನ ಮಣಿಕಟ್ಟಿಗೆ ಸ್ಟಿಕ್ಕಿನಿಂದ ಬಾರಿಸುತ್ತಾರೆ, ರೆಫರಿ ಕಣ್ಣು ತಪ್ಪಿಸಿ ಮೊಣಕೈ ಆಡಿಸುತ್ತಾರೆ. ಆ ಕಾಲದಲ್ಲಿ ಇಡೀ ಅಂಗಳಕ್ಕೆ ಒಬ್ಬನೇ ರೆಫರಿ, ಎಷ್ಟು ಅಂತ ನೋಡುತ್ತಾನೆ? ಅದಕ್ಕೆ ತಂಡ ಒಬ್ಬ ದೈತ್ಯನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತದೆ. ನಮ್ಮ ಹುಡುಗನನ್ನು ಮುಟ್ಟಿದರೆ ಇವನಿಗೆ ಉತ್ತರ ಕೊಡಬೇಕು, ಅಷ್ಟೆ. ವೇಯ್ನ್ ಗ್ರೆಟ್ಸ್ಕಿ ಹೆಸರು ಕೇಳಿರಬಹುದು, ಈ ಆಟದ ದೊಡ್ಡ ಹೆಸರು. ಎಡ್ಮಂಟನ್‌ನಲ್ಲಿ ಅವನ ಕಾವಲಿಗೆ ಡೇವ್ ಸೆಮೆಂಕೊ ಅಂತ ಇದ್ದ. 1988ರಲ್ಲಿ ಗ್ರೆಟ್ಸ್ಕಿ ಲಾಸ್ ಏಂಜಲೀಸ್ ತಂಡಕ್ಕೆ ಹೋಗುವಾಗ ಮಾರ್ಟಿ ಮ್ಯಾಕ್‌ಸೋರ್ಲಿ ಎಂಬ ಕಾವಲುಗಾರನೂ ಜೊತೆಯಲ್ಲೇ ಹೋದ. ಸವಾರಿ ಹೊರಟರೆ ದಂಡೂ ಹೊರಡಬೇಕಲ್ಲ.

ಡೆಟ್ರಾಯಿಟ್‌ನ ಕಲಾವಿದ ಸ್ಟೀವ್ ಐಸರ್‌ಮನ್. ಅವನ ಕಾವಲಿಗಿದ್ದವನು ಬಾಬ್ ಪ್ರೋಬರ್ಟ್.

ಪ್ರೋಬರ್ಟ್ ಹುಟ್ಟಿದ್ದು 1965ರ ಜೂನ್ 5ರಂದು, ನದಿಯಾಚೆಯ ವಿಂಡ್ಸರ್‌ನಲ್ಲಿ. ತಂದೆ ಆ ಊರಿನ ಪೊಲೀಸ್. ಹುಡುಗ ಇನ್ನೂ ಹದಿಹರೆಯದಲ್ಲಿದ್ದಾಗಲೇ ತಂದೆ ತೀರಿಕೊಂಡರು. ಅಮೆರಿಕ, ಕೆನಡಾ ಎರಡೂ ಕಡೆಯ ತಂಡಗಳು ಆಡುವ ದೊಡ್ಡ ಲೀಗು ಎನ್‌ಎಚ್‌ಎಲ್. ಅದರ ತಂಡಗಳು ವರ್ಷಕ್ಕೊಮ್ಮೆ ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. 1983ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಅವನನ್ನು 46ನೇ ಹೆಸರಾಗಿ ಆರಿಸಿತು. ಅದೇ ವರ್ಷ ಅದೇ ತಂಡ ನಾಲ್ಕನೇ ಹೆಸರಾಗಿ ಆರಿಸಿದ್ದು ಐಸರ್‌ಮನ್‌ನನ್ನು. ಅದೇ ಪಟ್ಟಿಯಲ್ಲಿ ಜೋ ಕೋಚರ್ ಅಂತ ಇನ್ನೊಬ್ಬ ಬಲಗೈ ಭೀಮನೂ ಇದ್ದ. ಒಂದೇ ದಿನ ಕಲಾವಿದ ಮತ್ತು ಇಬ್ಬರು ಕಾವಲುಗಾರರು. ತಂಡ ಆಗ ಎಷ್ಟು ಸೋಲುತ್ತಿತ್ತೆಂದರೆ ಜನ "ಡೆಡ್ ವಿಂಗ್ಸ್" ಅಂತ ಕರೆಯುತ್ತಿದ್ದರು. 1955ರ ನಂತರ ಲೀಗಿನ ಚಾಂಪಿಯನ್ ಕಪ್ ಕಂಡಿರಲಿಲ್ಲ.

ಆಳು 6 ಅಡಿ 3 ಇಂಚು, ನೂರು ಕಿಲೋ ಮೇಲೆ. ಹೊಡೆದಾಟದಲ್ಲಿ ಅವನದೇ ಒಂದು ಪದ್ಧತಿ ಇತ್ತು. ಬೇರೆಯವರು ಗ್ಲೌಸ್ ಬಿಸಾಕಿದ ಕೂಡಲೇ ಮೊದಲ ಏಟಿನಲ್ಲೇ ಮುಗಿಸಲು ನೋಡುತ್ತಿದ್ದರು. ಇವನು ಅವಸರ ಮಾಡುತ್ತಿರಲಿಲ್ಲ. ಎದುರಾಳಿಯ ಜೆರ್ಸಿ ಹಿಡಿದುಕೊಂಡು ಮೊದಲ ಹತ್ತು ಹದಿನೈದು ಏಟು ತಿನ್ನುತ್ತಿದ್ದ. ಹೌದು, ಸುಮ್ನೆ ತಿನ್ನುತ್ತಿದ್ದ. ಸ್ಕೇಟ್ಸ್ ಮೇಲೆ ನಿಂತು ಗುದ್ದುವುದು ಎಂದರೆ ಎಣ್ಣೆ ಸವರಿದ ನೆಲದ ಮೇಲೆ ನಿಂತು ಕಟ್ಟಿಗೆ ಒಡೆದ ಹಾಗೆ, ಅರ್ಧ ನಿಮಿಷಕ್ಕೇ ಭುಜ ಸೋಲುತ್ತದೆ. ಎದುರಾಳಿ ಸೋಲುವ ಹೊತ್ತಿಗೆ ಇವನು ಶುರು ಮಾಡುತ್ತಿದ್ದ. ಬಲಗೈ, ಎಡಗೈ, ಎರಡೂ ನಡೆಯುತ್ತಿದ್ದವು. ಆಗ ನೋಡಿದವರಿಗೆ ಅದು ಧೈರ್ಯ. ಈಗ ಹಳೆಯ ವಿಡಿಯೋ ನೋಡಿದರೆ ನನಗೆ ಕಾಣುವುದು ಆ ಮೊದಲ ಹದಿನೈದು ಏಟುಗಳೇ.

ಕೋಚರ್ ಬೇರೆ ಥರ. ಅವನದು ಒಂದೇ ಏಟು. ಕೆಳಗಿನ ಲೀಗಿನಲ್ಲಿ ಆಡುವಾಗ ಎದುರಾಳಿಯ ಹಲ್ಲು ತಾಗಿ ಬಲಗೈ ಸೀಳಿ, ಸೋಂಕಾಗಿ, ಆಪರೇಷನ್ ಆಗಿತ್ತು. ಅದೇ ಕೈಯಲ್ಲಿ ಮತ್ತೆ ವರ್ಷಗಟ್ಟಲೆ ಗುದ್ದಿದ. ಊರಿನವರು ಈ ಜೋಡಿಗೆ "ಬ್ರೂಸ್ ಬ್ರದರ್ಸ್" ಅಂತ ಹೆಸರಿಟ್ಟರು. ಬಾಸುಂಡೆ ಸೋದರರು ಅನ್ನಬಹುದೇನೋ.

ಇಷ್ಟೇ ಆಗಿದ್ದರೆ ನಾನು ಇವತ್ತು ಇಲ್ಲಿ ನಿಲ್ಲುತ್ತಿರಲಿಲ್ಲ. ಗುದ್ದುವವರು ಬೇಕಾದಷ್ಟು ಜನ ಇದ್ದರು. ಪ್ರೋಬರ್ಟ್‌ಗೆ ಆಡಲು ಬರುತ್ತಿತ್ತು. ಇದನ್ನು ಜನ ಮರೆಯುತ್ತಾರೆ, ಅದಕ್ಕೇ ಒತ್ತಿ ಹೇಳುತ್ತೇನೆ.

1987-88ರ ಸೀಸನ್ ನೋಡಿ. ಅವನು ಹೊಡೆದ ಗೋಲು 29. ಬೇರೆಯವರ ಗೋಲಿಗೆ ಪಾಸ್ ಕೊಟ್ಟಿದ್ದು 33. ಅದೇ ಸೀಸನ್ನಿನಲ್ಲಿ ಪೆನಾಲ್ಟಿ 398 ನಿಮಿಷ, ಆ ವರ್ಷ ಇಡೀ ಲೀಗಿಗೇ ಜಾಸ್ತಿ. ಒಂದೇ ಮನುಷ್ಯ! ಒಂದು ಪಂದ್ಯ ಅಂದರೆ 60 ನಿಮಿಷ. ಆರೂವರೆ ಪಂದ್ಯಕ್ಕೂ ಜಾಸ್ತಿ ಶಿಕ್ಷೆ ಎಣಿಸಿಕೊಂಡು, ಉಳಿದ ಸಮಯದಲ್ಲಿ 29 ಗೋಲು. ಆ ವರ್ಷ ಆಲ್ ಸ್ಟಾರ್ ಪಂದ್ಯಕ್ಕೂ ಆರಿಸಿದರು. ಐಸರ್‌ಮನ್ ಅದೇ ವರ್ಷ 50 ಗೋಲು ಹೊಡೆದ. ಇಬ್ಬರೂ ಒಂದೇ ಸಾಲಿನಲ್ಲಿ ಆಡುತ್ತಿದ್ದರು. ಪ್ರೋಬರ್ಟ್ ಗೋಲಿನ ಮುಂದೆ ಹೋಗಿ ನಿಂತರೆ ಅವನನ್ನು ಅಲ್ಲಿಂದ ಕದಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆರಾಮಾಗಿ ನಿಂತು, ಆ ದೊಡ್ಡ ಕೈಗಳಲ್ಲಿ ಮೆತ್ತಗೆ ಪಕ್ ತಿರುಗಿಸಿ ಬಲೆಗೆ ಹಾಕುತ್ತಿದ್ದ. ಗುದ್ದುವ ಕೈಗೇ ಆ ಮೆತ್ತನೆ ಹೇಗೆ ಬಂತೋ.

ಆಮೇಲೆ ನಾಕೌಟ್ ಹಂತ. ಐಸರ್‌ಮನ್ ಮಂಡಿ ಪೆಟ್ಟಾಗಿ ಬಹುಪಾಲು ಹೊರಗೆ. ಪ್ರೋಬರ್ಟ್ 16 ಪಂದ್ಯದಲ್ಲಿ 21 ಪಾಯಿಂಟ್ ಮಾಡಿದ. ಪಾಯಿಂಟ್ ಅಂದರೆ ಗೋಲು ಮತ್ತು ಪಾಸ್ ಸೇರಿಸಿದ ಲೆಕ್ಕ. ಒಂದೇ ವರ್ಷದ ನಾಕೌಟ್‌ನಲ್ಲಿ ಡೆಟ್ರಾಯಿಟ್ ಆಟಗಾರನೊಬ್ಬನ ದಾಖಲೆ ಅಲ್ಲಿಯವರೆಗೆ 20. ಅದು ಗಾರ್ಡಿ ಹೋವ್‌ದು, 1955ರದ್ದು. ಡೆಟ್ರಾಯಿಟ್‌ನಲ್ಲಿ ಗಾರ್ಡಿ ಹೋವ್ ದಾಖಲೆ ಮುರಿಯುವುದು ಅಂದರೆ ಊರದೇವರ ತೇರಿಗಿಂತ ಎತ್ತರದ ತೇರು ಕಟ್ಟಿದ ಹಾಗೆ. ಅಂದಹಾಗೆ, ಒಂದೇ ಪಂದ್ಯದಲ್ಲಿ ಒಂದು ಗೋಲು, ಒಂದು ಪಾಸ್, ಒಂದು ಜಗಳ ಮಾಡಿದರೆ ಅದನ್ನು "ಗಾರ್ಡಿ ಹೋವ್ ಹ್ಯಾಟ್ರಿಕ್" ಅನ್ನುತ್ತಾರೆ. ಹೋವ್ ತಾನೇ ಅದನ್ನು ಮಾಡಿದ್ದು ಎರಡೇ ಸಲ. ಅವನ ಮೊಣಕೈಯ ಖ್ಯಾತಿ ಹಾಗಿತ್ತು, ಅವನ ಜೊತೆ ಜಗಳಕ್ಕೆ ಬರುವವರೇ ಇರಲಿಲ್ಲ.

ಸೆಮಿಫೈನಲ್ ಎಡ್ಮಂಟನ್ ಮೇಲೆ. ಐದನೇ ಪಂದ್ಯದ ಹಿಂದಿನ ರಾತ್ರಿ, ಮಲಗುವ ಹೊತ್ತು ಮೀರಿ, ಪ್ರೋಬರ್ಟ್ ಮತ್ತೆ ಕೆಲವರು ಒಂದು ಬಾರಿನಲ್ಲಿ ಸಿಕ್ಕಿಬಿದ್ದರು. ಮರುದಿನ ಸೋತರು, ಸರಣಿಯೂ ಮುಗಿಯಿತು. ಅವನ ಕುಡಿತ ಎಲ್ಲರಿಗೂ ಗೊತ್ತಿದ್ದದ್ದೇ. ತಂಡ ಅವನನ್ನು ಬಿಡಿಸಲು ಹಲವು ಸಲ ಚಿಕಿತ್ಸೆಗೆ ಕಳಿಸಿತ್ತು. ಬರುತ್ತಿದ್ದ, ನಾಲ್ಕು ದಿನ ಸರಿ ಇರುತ್ತಿದ್ದ, ಮತ್ತೆ ಅದೇ.

ಈಗ ಆ ಸುರಂಗಕ್ಕೆ ಬರೋಣ. 1989ರ ಮಾರ್ಚ್ 2. ಬೆಳಕು ಹರಿಯುವ ಮುಂಚೆ ವಿಂಡ್ಸರ್ ಕಡೆಯಿಂದ ಅವನ ಕಾರು ಡೆಟ್ರಾಯಿಟ್ ಬದಿಗೆ ಬಂತು. ಕಸ್ಟಮ್ಸ್‌ನವರು ಪಕ್ಕಕ್ಕೆ ನಿಲ್ಲಿಸಿದರು. ಒಳಉಡುಪಿನಲ್ಲಿ 14.3 ಗ್ರಾಂ ಕೊಕೇನ್ ಸಿಕ್ಕಿತು. ಮನೆಯಿಂದ ಕೆಲಸಕ್ಕೆ ಹೋಗುವ ದಾರಿ ಅದು, ಗಮನಿಸಿ. ಹುಟ್ಟಿದ ಊರಿಗೂ ಆಡುವ ಊರಿಗೂ ನಡುವಿನ ಒಂದು ಮೈಲಿ. ಪೊಲೀಸ್ ಮಗ. ಲೀಗು ಅವನನ್ನು ಹೊರಹಾಕಿತು. ಮಿನ್ನೆಸೋಟಾದ ರಾಚೆಸ್ಟರ್ ಎಂಬಲ್ಲಿ ಮೂರು ತಿಂಗಳು ಕೇಂದ್ರ ಸರ್ಕಾರದ ಜೈಲು, ಆಮೇಲೆ ಮೂರು ತಿಂಗಳು ಅರೆಜೈಲಿನಂಥ ಪುನರ್ವಸತಿ ಮನೆ.

ಒಂದು ವರ್ಷದ ಮೇಲೆ, 1990ರ ಮಾರ್ಚಿನಲ್ಲಿ, ವಾಪಸು ಬಂದ. ಆದರೆ ಅಮೆರಿಕದ ವಲಸೆ ಇಲಾಖೆ ಅವನನ್ನು ಗಡೀಪಾರು ಮಾಡಲು ನೋಡುತ್ತಿತ್ತು. ಕೆನಡಾಕ್ಕೆ ಕಾಲಿಟ್ಟರೆ ವಾಪಸು ಬಿಡುತ್ತಾರೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಟೊರಾಂಟೊ, ಮಾಂಟ್ರಿಯಲ್, ಎಡ್ಮಂಟನ್ ಎಲ್ಲೂ ಆಡುವಂತಿಲ್ಲ. 1992ರ ಕೊನೆಯವರೆಗೂ ಹೀಗೇ. ಇದು ನನ್ನನ್ನು ತುಂಬಾ ಕಾಡಿದ ಸಂಗತಿ. ಜೋ ಅರೀನಾದ ಹೊರಗೆ ಬಂದು ನದಿ ಕಡೆ ನೋಡಿದರೆ ವಿಂಡ್ಸರ್ ದೀಪಗಳು ಕಾಣುತ್ತಿದ್ದವು. ಕೂಗಿದರೆ ಕೇಳಿಸುವಷ್ಟು ಹತ್ತಿರ ಅನಿಸುತ್ತಿತ್ತು. ನಾವೆಲ್ಲ ವೀಸಾ ಕಾಗದ ಹಿಡಿದುಕೊಂಡು ಅದೇ ದಂಡೆಯಲ್ಲಿ ವಾಕಿಂಗ್ ಹೋಗುತ್ತಿದ್ದೆವು. ನಮ್ಮ ಊರು ಹದಿಮೂರು ಸಾವಿರ ಕಿಲೋಮೀಟರ್ ಆಚೆ, ಅವನದು ಎದುರಿಗೇ. ಹೋಗೋದಕ್ಕೆ ಆಗದಿರುವುದು ಮಾತ್ರ ಒಂದೇ ಥರ.

ಸರಿ, ಇಷ್ಟು ಹೊತ್ತಾದರೂ ಹೊಡೆದಾಟ ಬರಲಿಲ್ಲ ಅಂತ ಹಿಂದಿನ ಸಾಲಿನ ಹುಡುಗರು ಕಾಯುತ್ತಿದ್ದಾರೆ. ಹೇಳುತ್ತೇನೆ.

ಟೈ ಡೋಮಿ ಅಂತ ಒಬ್ಬ. ನ್ಯೂಯಾರ್ಕ್ ರೇಂಜರ್ಸ್ ತಂಡದವನು. 5 ಅಡಿ 10 ಇಂಚು, ಗಟ್ಟಿ ತಲೆ. ಅವನೂ ವಿಂಡ್ಸರ್‌ನಲ್ಲೇ ಹುಟ್ಟಿದವನು! 1992ರ ಫೆಬ್ರವರಿ 9ರಂದು ನ್ಯೂಯಾರ್ಕಿನಲ್ಲಿ ಇಬ್ಬರಿಗೂ ಬಿತ್ತು. ಪ್ರೋಬರ್ಟ್‌ಗೆ ಕಣ್ಣಿನ ಹತ್ತಿರ ಗಾಯವಾಗಿ ರಕ್ತ ಬಂತು. ಡೋಮಿ ಹೊರಗೆ ಹೋಗುವಾಗ ಸೊಂಟಕ್ಕೆ ಎರಡೂ ಕೈ ಆಡಿಸಿ, ಚಾಂಪಿಯನ್ ಬೆಲ್ಟ್ ಕಟ್ಟಿಕೊಂಡ ಹಾಗೆ ಜನಕ್ಕೆ ತೋರಿಸಿದ. ಮುಗೀತು. ಕುಸ್ತಿಯ ಅಖಾಡದಲ್ಲಿ ತೊಡೆ ತಟ್ಟಿದ ಹಾಗೆ ಅದು. ಪತ್ರಿಕೆಗಳು ಮರುಪಂದ್ಯದ ದಿನ ಎಣಿಸತೊಡಗಿದವು. ಅದೇ ವರ್ಷ ಡಿಸೆಂಬರ್ 2, ಅದೇ ಅಂಗಳ. ಆಟ ಶುರುವಾಗಿ ಒಂದು ನಿಮಿಷ ಕೂಡ ಆಗಿರಲಿಲ್ಲ. ಗ್ಲೌಸ್ ಬಿದ್ದವು. ಪ್ರೋಬರ್ಟ್ ಲೆಕ್ಕ ತಪ್ಪುವಷ್ಟು ಗುದ್ದಿದ. ಈ ಸಲ ಡೆಟ್ರಾಯಿಟ್ ಬೆಂಚಿನಿಂದ ಬೆಲ್ಟ್ ಕಟ್ಟುವ ಅಭಿನಯ ಮಾಡಿದವನು ಯಾರು ಗೊತ್ತಾ? ಮೆತ್ತನೆ ಮಾತಿನ ನಾಯಕ ಐಸರ್‌ಮನ್. ಕಾವಲುಗಾರನ ಮೇಲೆ ಯಜಮಾನನಿಗೆ ಎಷ್ಟು ಪ್ರೀತಿ ಇತ್ತು ನೋಡಿ.

ಇಲ್ಲಿ ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಮೊದಲಿನ ವಾದ ಏನು? ಕಲಾವಿದನನ್ನು ಕಾಪಾಡಲು ಕಾವಲುಗಾರ. ಸರಿ. ಆದರೆ ಆ ಡಿಸೆಂಬರಿನ ರಾತ್ರಿ ಯಾರನ್ನು ಯಾರಿಂದ ಕಾಪಾಡಿದರು? ಯಾರನ್ನೂ ಇಲ್ಲ. ಒಬ್ಬ ಕಾವಲುಗಾರ ಇನ್ನೊಬ್ಬ ಕಾವಲುಗಾರನ ಜೊತೆ ಹೊಡೆದಾಡಿದ, ನಾವು ನೋಡಿದೆವು. ಕೋಳಿ ಅಂಕದಲ್ಲಿ ಕೋಳಿಗೂ ಕೋಳಿಗೂ ಏನು ದ್ವೇಷ ಇರುತ್ತೆ ಹೇಳಿ?

ನಾನೂ ಅದರಲ್ಲಿ ಪಾಲುದಾರನೇ. ಡೆಟ್ರಾಯಿಟ್‌ಗೆ ಹೋದ ಎರಡನೇ ಚಳಿಗಾಲ, ಸಹೋದ್ಯೋಗಿಯ ಟಿಕೆಟ್ಟಿನಲ್ಲಿ ಜೋ ಅರೀನಾಕ್ಕೆ ಹೋದೆ. ಮೇಲಿನ ಸಾಲು. ಎದುರು ತಂಡ ಷಿಕಾಗೊ ಬ್ಲ್ಯಾಕ್‌ಹಾಕ್ಸ್. ಅದರಲ್ಲಿ 24ನೇ ನಂಬರಿನ ಒಬ್ಬ ಭಾರೀ ಆಳು. "ಅವನೇ ಪ್ರೋಬರ್ಟ್, ನಮ್ಮವನು" ಅಂದ ಸಹೋದ್ಯೋಗಿ. ಎದುರು ತಂಡದವನು ನಮ್ಮವನು ಹೇಗಾಗುತ್ತಾನೆ ಅಂತ ನಾನು. ಸುತ್ತ ನೋಡಿದರೆ ಐದಾರು ಜನ ಅವನ ಹಳೆಯ ಕೆಂಪು ಜೆರ್ಸಿ ಹಾಕಿಕೊಂಡೇ ಬಂದಿದ್ದರು. ಆವತ್ತು ಅವನು ಜಗಳ ಆಡಲಿಲ್ಲ. ಆಡಿದ್ದು ಬೇರೆ ಇಬ್ಬರು, ಹೆಸರೂ ನೆನಪಿಲ್ಲ. ನೆನಪಿರುವುದು ಎರಡೇ. ಗ್ಲೌಸ್ ಮಂಜಿನ ಮೇಲೆ ಬಿದ್ದ ಕೂಡಲೇ ಇಪ್ಪತ್ತು ಸಾವಿರ ಜನ ಒಟ್ಟಿಗೆ ಎದ್ದು ನಿಂತರು, ನಾನೂ ಎದ್ದಿದ್ದೆ. ಮಡಿಲಲ್ಲಿದ್ದ ಪಾಪ್‌ಕಾರ್ನ್ ಮುಂದಿನವರ ಮೇಲೆ ಚೆಲ್ಲಿದ್ದು ಆಮೇಲೆ ಗೊತ್ತಾಯಿತು. ಎರಡನೆಯದು, ಎಲ್ಲ ಮುಗಿದ ಮೇಲೆ ಒಬ್ಬ ಸಣ್ಣ ಸಲಿಕೆ ತಂದು, ಬಗ್ಗಿ, ಕೆಂಪಾದ ಜಾಗವನ್ನು ಕೆರೆದ. ಕೆರೆದದ್ದು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಜಾತ್ರೆಯಲ್ಲಿ ಮಾರುವ ಐಸ್ ಗೋಲದ ಹಾಗೆ. ಬಕೆಟ್ಟಿಗೆ ಹಾಕಿಕೊಂಡು ಹೋದ. ಆಟ ಮುಂದುವರಿಯಿತು.

ಅವನು ಷಿಕಾಗೊಗೆ ಹೋದದ್ದು ಹೇಗೆ ಅಂತ ಹೇಳಲಿಲ್ಲ. 1994ರ ಜುಲೈನಲ್ಲಿ ಕುಡಿದು ಮೋಟಾರ್ ಬೈಕ್ ಗುದ್ದಿಸಿಕೊಂಡ. ಡೆಟ್ರಾಯಿಟ್‌ಗೆ ಸಾಕಾಗಿ ಹೋಯಿತು, ಬಿಟ್ಟುಬಿಟ್ಟರು. ಷಿಕಾಗೊ ತಗೊಂಡಿತು. 1994-95 ಪೂರ್ತಿ ಆಡಲಿಲ್ಲ, ಮತ್ತೆ ಚಿಕಿತ್ಸೆ. ವಾಪಸು ಬಂದ ಮೊದಲ ಸೀಸನ್ನಿನಲ್ಲಿ 19 ಗೋಲು. ಅಲ್ಲಿಂದ 2002ರವರೆಗೆ ಅಲ್ಲೇ.

ಈ ನಡುವೆ ಡೆಟ್ರಾಯಿಟ್ ಏನಾಯಿತು? 1997ರಲ್ಲಿ, 42 ವರ್ಷದ ಮೇಲೆ, ಕಪ್ ಗೆದ್ದಿತು. 1998ರಲ್ಲಿ ಮತ್ತೆ. ಅವನ ಜೋಡಿ ಕೋಚರ್ ಆ ಹೊತ್ತಿಗೆ ಲೀಗಿನಿಂದಲೇ ಹೊರಬಿದ್ದು, ಸಂಜೆ ಹೊತ್ತು ಹವ್ಯಾಸಿಗಳ ಜೊತೆ ಆಡಿಕೊಂಡಿದ್ದ. 1996ರ ಕೊನೆಗೆ ಡೆಟ್ರಾಯಿಟ್ ಅವನನ್ನು ಕರೆಸಿಕೊಂಡಿತು. ಗೆದ್ದವರ ಹೆಸರನ್ನು ಆ ಕಪ್ಪಿನ ಮೇಲೆ ಕೆತ್ತುತ್ತಾರೆ. ಆ ಎರಡೂ ಗೆಲುವಿನ ಪಟ್ಟಿಯಲ್ಲಿ ಅವನ ಹೆಸರಿದೆ. ಪ್ರೋಬರ್ಟ್ ಹೆಸರು ಕಪ್ಪಿನ ಮೇಲೆ ಎಲ್ಲೂ ಇಲ್ಲ.

ಆದರೆ ಇನ್ನೊಂದು ಕಡೆ ಇದೆ. ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್ ಅಂದರೆ ಕೆನಡಾದವರಿಗೆ ಗುಡಿ ಇದ್ದ ಹಾಗೆ. 1931ರಲ್ಲಿ ತೆರೆದದ್ದು. 1999ರ ಫೆಬ್ರವರಿ 13ರಂದು ಅಲ್ಲಿ ಕೊನೆಯ ಪಂದ್ಯ, ಎದುರು ಷಿಕಾಗೊ. ಮೊದಲ ಪಂದ್ಯವೂ ಷಿಕಾಗೊ ಮೇಲೇ ಆಗಿತ್ತು, ಅಂದು ಮೊದಲ ಗೋಲು ಹೊಡೆದ ಷಿಕಾಗೊದ ಮಷ್ ಮಾರ್ಚ್ 90 ದಾಟಿದ ವಯಸ್ಸಿನಲ್ಲಿ ಬಂದಿದ್ದರು. ಜೊತೆಗೆ ಟೊರಾಂಟೊದ ರೆಡ್ ಹಾರ್ನರ್. ಈ ಹಾರ್ನರ್ ಯಾರು ಅಂತೀರಿ? 1930ರ ದಶಕದಲ್ಲಿ ಸತತ ಎಂಟು ಸೀಸನ್ ಲೀಗಿನಲ್ಲಿ ಅತಿ ಹೆಚ್ಚು ಪೆನಾಲ್ಟಿ ಪಡೆದವರು. ಹಳೇ ಕಾಲದ ಪ್ರೋಬರ್ಟ್! ಇಬ್ಬರು ಅಜ್ಜಂದಿರು ಸೇರಿ ಪಕ್ ಬೀಳಿಸಿ ಆಟ ಶುರು ಮಾಡಿದರು. ಷಿಕಾಗೊ 6-2ರಿಂದ ಗೆದ್ದಿತು. ಕೊನೆಯ ಗೋಲು, ಅಂದರೆ ಆ ಕಟ್ಟಡದ ಲೀಗ್ ಚರಿತ್ರೆಯಲ್ಲೇ ಕೊನೆಯ ಗೋಲು, ಹೊಡೆದವನು ಬಾಬ್ ಪ್ರೋಬರ್ಟ್. ಟೊರಾಂಟೊದವರಿಗೆ ಇದನ್ನು ಹೇಳಿದರೆ ಈಗಲೂ ಮುಖ ಹುಳ್ಳಗಾಗುತ್ತದೆ.

ಒಟ್ಟು ಲೆಕ್ಕ ಕೇಳಿ. 935 ಪಂದ್ಯ, 163 ಗೋಲು, 221 ಪಾಸ್. ಪೆನಾಲ್ಟಿ 3300 ನಿಮಿಷ. ಗಂಟೆಗೆ ಇಳಿಸಿದರೆ 55 ಗಂಟೆ. ಇನ್ನೂರಕ್ಕೂ ಜಾಸ್ತಿ ಹೊಡೆದಾಟ. ಲೀಗಿನ ಪೆನಾಲ್ಟಿ ಪಟ್ಟಿಯಲ್ಲಿ ಐದನೆಯವನು.

ಆಟ ಬಿಟ್ಟ ಮೇಲೆ ವಿಂಡ್ಸರ್ ಕಡೆಯೇ ಮನೆ. ಹೆಂಡತಿ ಡ್ಯಾನಿ, ನಾಲ್ಕು ಮಕ್ಕಳು. 2010ರ ಜುಲೈ 5ರಂದು ಮನೆಯವರ ಜೊತೆ ಸೇಂಟ್ ಕ್ಲೇರ್ ಸರೋವರದಲ್ಲಿ ದೋಣಿಯಲ್ಲಿದ್ದ. ಎದೆ ನೋವು ಅಂದ, ಕುಸಿದ. 45 ವರ್ಷ. ಹೃದಯ ನಿಂತಿತ್ತು. ಶವಪೆಟ್ಟಿಗೆಯನ್ನು ಮೋಟಾರ್ ಬೈಕಿನ ಸೈಡ್‌ಕಾರಿನಲ್ಲಿ ಇಟ್ಟು, ಹಿಂದೆ ಮುಂದೆ ಬೈಕ್‌ಗಳ ಸಾಲಿನಲ್ಲಿ ತಂದರು. ಐಸರ್‌ಮನ್ ಬಂದಿದ್ದ.

ಮೆದುಳನ್ನು ಸಂಶೋಧನೆಗೆ ಕೊಡಬೇಕು ಅಂತ ಅವನೇ ಮನೆಯಲ್ಲಿ ಹೇಳಿದ್ದ. ಬಾಸ್ಟನ್ ವಿಶ್ವವಿದ್ಯಾಲಯದವರು ನೋಡಿದರು. 2011ರ ಮಾರ್ಚಿನಲ್ಲಿ ಫಲಿತಾಂಶ ಬಂತು: ಸಿಟಿಇ. ತಲೆಗೆ ಪದೇಪದೇ ಪೆಟ್ಟು ಬಿದ್ದವರ ಮೆದುಳಿನಲ್ಲಿ ಟಾವ್ ಎಂಬ ಪ್ರೋಟೀನ್ ಅಲ್ಲಲ್ಲಿ ಗಂಟು ಕಟ್ಟುವ ರೋಗ. ಜೀವ ಇರುವಾಗ ಇದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ, ಸತ್ತ ಮೇಲೆ ಕೊಯ್ದು ನೋಡಬೇಕು. ಕೊನೆಯ ವರ್ಷಗಳಲ್ಲಿ ಅವನಿಗೆ ಮರೆವು ಬರುತ್ತಿತ್ತು, ಇದ್ದಕ್ಕಿದ್ದ ಹಾಗೆ ಸಿಟ್ಟು ಬರುತ್ತಿತ್ತು ಅಂತ ಡ್ಯಾನಿ ಆಮೇಲೆ ಹೇಳಿದರು. ಇದು ಬರೀ ಮುಷ್ಟಿಯಿಂದ ಆದದ್ದಾ, ಭುಜದ ಗುದ್ದುಗಳಿಂದಲಾ, ಯಾವುದು ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಈ ಲೀಗಿನ ಆಟಗಾರರಲ್ಲಿ ಹೀಗೆ ಸಿಕ್ಕಿದ್ದು ಇವನು ಎರಡನೆಯವನು. ಮೊದಲನೆಯವನು ರೆಜಿ ಫ್ಲೆಮಿಂಗ್, 1960ರ ದಶಕದ ಹೊಡೆದಾಟಗಾರ.

ಅದೇ 2011ರ ಬೇಸಿಗೆ ತುಂಬಾ ಕೆಟ್ಟದ್ದು. ಮೇ ತಿಂಗಳಲ್ಲಿ ಡೆರೆಕ್ ಬೂಗಾರ್ಡ್ ಸತ್ತ. ಅವನೂ ಕಾವಲುಗಾರ, 28 ವರ್ಷ, ನೋವಿನ ಮಾತ್ರೆ ಮತ್ತು ಮದ್ಯ. ಆಗಸ್ಟಿನಲ್ಲಿ ರಿಕ್ ರಿಪಿಯನ್, ಅದೇ ತಿಂಗಳ ಕೊನೆಯ ದಿನ ವೇಡ್ ಬೆಲಾಕ್. ಮೂವರೂ ಅದೇ ಕೆಲಸದವರು. ಮಾಜಿ ಆಟಗಾರರು ಲೀಗಿನ ಮೇಲೆ ಮೊಕದ್ದಮೆ ಹಾಕಿದರು. 2018ರಲ್ಲಿ ಲೀಗು 1 ಕೋಟಿ 89 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು, ತಪ್ಪು ಒಪ್ಪಿಕೊಳ್ಳದೆ. ಅದರಲ್ಲಿ ಆಟಗಾರರಿಗೆ ನಗದಾಗಿ ಬಂದದ್ದು ತಲೆಗೆ ಸುಮಾರು 22 ಸಾವಿರ ಡಾಲರ್. ತಲೆಗೆ ಅನ್ನುವ ಮಾತು ಬಾಯಿಗೆ ತಾನಾಗೇ ಬಂತು, ಕ್ಷಮಿಸಿ.

ಈಗ ಹೊಡೆದಾಟ ತುಂಬಾ ಕಮ್ಮಿಯಾಗಿದೆ. ಪ್ರೋಬರ್ಟ್ ಕಾಲದಲ್ಲಿ ಪಂದ್ಯಕ್ಕೊಂದು ಜಗಳ ಮಾಮೂಲು. ಈಗ ನಾಲ್ಕೈದು ಪಂದ್ಯಕ್ಕೆ ಒಂದು. ಗುದ್ದಲು ಮಾತ್ರ ಬಲ್ಲವನಿಗೆ ಈಗಿನ ಓಟದಲ್ಲಿ ಜಾಗ ಇಲ್ಲ. ಶಿಕ್ಷೆ ಮಾತ್ರ ಇಂದಿಗೂ ಅದೇ, ಐದು ನಿಮಿಷ.

ಕೊನೆಗೆ ಕೆಲವು ಪ್ರಶ್ನೆ ಬಂದವು. ಅವನ್ನೂ ಬರೆಯುತ್ತೇನೆ.

ಒಬ್ಬ ವಕೀಲರು ಕೇಳಿದರು: ಅಷ್ಟು ಜನರೆದುರು ಹೊಡೆದರೆ ಪೊಲೀಸ್ ಕೇಸ್ ಆಗಲ್ವಾ? ಮುಷ್ಟಿಗೆ ಸಾಮಾನ್ಯವಾಗಿ ಆಗಿಲ್ಲ, ಇಬ್ಬರೂ ಒಪ್ಪಿ ಇಳಿದರು ಅಂತ ಬಿಡುತ್ತಾರೆ. ಸ್ಟಿಕ್ ಎತ್ತಿದರೆ ಬೇರೆ. 1988ರಲ್ಲಿ ಡೀನೊ ಸಿಸರೆಲ್ಲಿ ಎಂಬಾತ ಟೊರಾಂಟೊದಲ್ಲಿ ಎದುರಾಳಿಯ ತಲೆಗೆ ಸ್ಟಿಕ್ಕಿನಿಂದ ಹೊಡೆದು ಒಂದು ದಿನದ ಜೈಲು, ಸಾವಿರ ಡಾಲರ್ ದಂಡ ಕಂಡ. 2000ದಲ್ಲಿ ಅದೇ ತಪ್ಪು ಮಾಡಿದವನು ಮ್ಯಾಕ್‌ಸೋರ್ಲಿ, ಗ್ರೆಟ್ಸ್ಕಿಯ ಕಾವಲುಗಾರ. ಕೋರ್ಟು ತಪ್ಪಿತಸ್ಥ ಅಂದಿತು, ಮತ್ತೆ ಆ ಲೀಗಿನಲ್ಲಿ ಅವನು ಆಡಲಿಲ್ಲ.

ಒಬ್ಬ ಹುಡುಗ, ಅವನ ಯಾವ ಫೈಟ್ ಮೊದಲು ನೋಡಬೇಕು ಅಂಕಲ್ ಅಂದ. 1988ರ ಗೋಲುಗಳನ್ನು ನೋಡಪ್ಪ ಅಂದೆ. ಅವನಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು, ಅಮ್ಮನ ವಯಸ್ಸಿನವರು, ಅವನನ್ನು ಎಲ್ಲಿ ಮಣ್ಣು ಮಾಡಿದರು ಅಂತ ಕೇಳಿದರು. ಸುಟ್ಟರು ಅಂದೆ. ಹಾಗಾದರೆ ಬೂದಿ? ನಾವಾದರೆ ಪಶ್ಚಿಮವಾಹಿನಿಗೆ ತಗೊಂಡು ಹೋಗ್ತೀವಿ, ಅಲ್ವಾ.

2017ರ ಏಪ್ರಿಲ್ 9ರಂದು ಜೋ ಲೂಯಿಸ್ ಅರೀನಾದಲ್ಲಿ ಕೊನೆಯ ಪಂದ್ಯ ನಡೆಯಿತು. ಅವತ್ತು ಡ್ಯಾನಿ ಮತ್ತು ಮಕ್ಕಳು ಬಂದಿದ್ದರು. ಅವನ ಬೂದಿಯಲ್ಲಿ ಸ್ವಲ್ಪ ತಂದು ಪೆನಾಲ್ಟಿ ಬಾಕ್ಸಿನಲ್ಲಿ ಹಾಕಿದರು. ಆಮೇಲೆ ಕಟ್ಟಡವನ್ನೇ ಕೆಡವಿದರು. ಈಗ ಅಲ್ಲಿ ಗಾಜಿನ ಎತ್ತರದ ಅಪಾರ್ಟ್‌ಮೆಂಟ್ ಎದ್ದಿದೆ, ನದಿ ಕಡೆಯ ಮನೆಗಳಿಗೆ ವಿಂಡ್ಸರ್ ಕಾಣುತ್ತದೆ.

"ಬಾಕ್ಸಲ್ಲೇ ಯಾಕಪ್ಪ ಹಾಕಿದ್ರು?" ಅಂದರು ಅವರು.

"ಅಲ್ಲೇ ಅವನು ಜಾಸ್ತಿ ಹೊತ್ತು ಕೂತಿದ್ದು, ಅಮ್ಮ" ಅಂದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ಕಾಫಿ ಬಂತು.